ಡಯಾಲಿಸಿಸ್ ಪಟ್ಟಿಯ ಆಚೆ ತುದಿ: ಸುಡಾನಿ ವೈದ್ಯರ ಜೊತೆಗಿನ ನನ್ನ ಕೆಲಸ

ಯುದ್ಧದ ಸುದ್ದಿಯಲ್ಲಿ ಗುಂಡೇಟು ತಿಂದವರ ಲೆಕ್ಕ ಬರುತ್ತದೆ. ಡಯಾಲಿಸಿಸ್ ಸಿಗದೆ ಸತ್ತವರ ಲೆಕ್ಕ ಇಡುವವರಿಲ್ಲ. ಎರಡೂ ಕಿಡ್ನಿ ಕೈಕೊಟ್ಟವರಿಗೆ ರಸ್ತೆ ಬಂದ್ ಆದರೆ ಸಾಕು, ವಾರ ಹತ್ತು ದಿನದಲ್ಲಿ ಮನೆಯ ಮಂಚದ ಮೇಲೆಯೇ ಹೋಗಿಬಿಡುತ್ತಾರೆ. ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಲ್ಲುತ್ತದೆ, ಇಲ್ಲವೇ ಶ್ವಾಸಕೋಶಕ್ಕೆ ನೀರು ತುಂಬಿ ಉಸಿರು ಕಟ್ಟುತ್ತದೆ.

ನಾನು ಕಿಡ್ನಿ ಡಾಕ್ಟರು. ವಿಜಯಪುರ ಜಿಲ್ಲೆಯವನು, ಹುಬ್ಬಳ್ಳಿಯ ಕಿಮ್ಸ್‌ನಲ್ಲಿ ಓದಿದವನು, ಈಗ ಇಂಗ್ಲೆಂಡಿನ ಉತ್ತರ ಭಾಗದ ಒಂದು ಸರಕಾರಿ ಆಸ್ಪತ್ರೆಯಲ್ಲಿದ್ದೇನೆ. ನಮ್ಮ ವಿಭಾಗದಲ್ಲಿ ಸುಡಾನ್ ಮೂಲದ ಡಾಕ್ಟರುಗಳಿದ್ದಾರೆ. ಬ್ರಿಟನ್, ಐರ್ಲೆಂಡಿನ ಯಾವ ದೊಡ್ಡ ಆಸ್ಪತ್ರೆಗೆ ಹೋದರೂ ನಮ್ಮ ಕರ್ನಾಟಕದವರು ಸಿಗುವ ಹಾಗೆ ಅವರೂ ಸಿಗುತ್ತಾರೆ. 2023ರಿಂದ ಅವರ ಜೊತೆ ಸೇರಿ, ದೂರದಿಂದಲೇ, ಅವರ ದೇಶದ ಡಯಾಲಿಸಿಸ್ ಕೇಂದ್ರಗಳ ಕೆಲಸದಲ್ಲಿ ಕೈಜೋಡಿಸುತ್ತಿದ್ದೇನೆ. ಇದು ಆ ಕೆಲಸದ ಕಥೆ.

2023ರ ಏಪ್ರಿಲ್ 15, ಶನಿವಾರ. ರಂಜಾನಿನ ಕೊನೆಯ ದಿನಗಳು. ಜನರಲ್ ಬುರ್ಹಾನರ ಸೈನ್ಯಕ್ಕೂ ಹೆಮೆದ್ತಿ ಎಂದು ಕರೆಸಿಕೊಳ್ಳುವ ದಗಾಲೋ ಅವರ ಅರೆಸೇನಾ ಪಡೆ ಆರ್‌ಎಸ್‌ಎಫ್‌ಗೂ ಖಾರ್ಟೂಮಿನ ನಡುಬೀದಿಯಲ್ಲೇ ಕಾಳಗ ಶುರುವಾಯಿತು. ಬಿಳಿ ನೈಲ್ ಮತ್ತು ನೀಲಿ ನೈಲ್ ಕೂಡುವಲ್ಲಿ ಖಾರ್ಟೂಮ್, ಒಮ್ದುರ್ಮಾನ್, ಬಹ್ರಿ ಎಂಬ ಮೂರು ಊರು ಸೇರಿ ಒಂದೇ ಮಹಾನಗರವಾಗಿದೆ. ಸೇತುವೆಗಳು ಮುಚ್ಚಿದರೆ ಒಂದು ದಡದ ರೋಗಿ ಇನ್ನೊಂದು ದಡದ ಆಸ್ಪತ್ರೆಗೆ ಹೋಗುವಂತಿಲ್ಲ. ಸೇತುವೆಗಳೇ ಮೊದಲು ಮುಚ್ಚಿದವು. ನನ್ನ ಸಹೋದ್ಯೋಗಿಯ ಅಪ್ಪ ಅಮ್ಮ ಬಹ್ರಿಯಲ್ಲಿದ್ದರು. ಸೋಮವಾರ ಆತ ಎಂದಿನಂತೆ ವಾರ್ಡ್ ರೌಂಡ್ ಮುಗಿಸಿ, ಪ್ರತಿ ರೋಗಿಯ ಹತ್ತಿರವೂ ನಿಂತು ಮಾತಾಡಿಸಿ, ಆಮೇಲೆ ಮೆಟ್ಟಿಲ ಹತ್ತಿರ ನಿಂತು ಒಂದೇ ನಂಬರಿಗೆ ಮತ್ತೆ ಮತ್ತೆ ಫೋನ್ ಮಾಡುತ್ತಿದ್ದ. ರಜೆ ಹಾಕು ಎಂದರೆ ಕೇಳಲಿಲ್ಲ. ಮನೆಯಲ್ಲಿ ಕೂತರೆ ತಲೆ ಕೆಟ್ಟುಹೋಗುತ್ತದೆ ಎಂದ.

ಆ ದಿನಗಳಲ್ಲಿ ಕನ್ನಡ ಪತ್ರಿಕೆಗಳಲ್ಲೂ ಸುಡಾನ್ ಇತ್ತು. ಗಿಡಮೂಲಿಕೆ ಎಣ್ಣೆ ಮಾರಲು ಹೋಗಿದ್ದ ನಮ್ಮ ಹಕ್ಕಿಪಿಕ್ಕಿ ಜನ ದಾರ್‌ಫುರ್ ಪ್ರಾಂತ್ಯದ ಎಲ್ ಫಶೇರ್ ಎಂಬ ಊರಿನಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಸಿದ್ದರಾಮಯ್ಯನವರು ಟ್ವೀಟ್ ಮಾಡಿದ್ದು, ವಿದೇಶಾಂಗ ಸಚಿವ ಜೈಶಂಕರ್ ಉತ್ತರ ಕೊಟ್ಟಿದ್ದು ಎಲ್ಲರಿಗೂ ನೆನಪಿರಬಹುದು. ಏಪ್ರಿಲ್ 24ರಿಂದ ಭಾರತ ಸರಕಾರ ‘ಆಪರೇಷನ್ ಕಾವೇರಿ’ ನಡೆಸಿ, ಪೋರ್ಟ್ ಸುಡಾನಿನಿಂದ ಜೆಡ್ಡಾಕ್ಕೆ ಹಡಗು, ವಿಮಾನಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನರನ್ನು ದಾಟಿಸಿತು. ಬ್ರಿಟನ್ ಮಾತ್ರ ಮೊದಲು ತನ್ನ ಪಾಸ್‌ಪೋರ್ಟ್ ಇದ್ದವರಿಗೆ ಮತ್ತು ಅವರ ಹತ್ತಿರದ ಬಂಧುಗಳಿಗಷ್ಟೇ ವಿಮಾನ ಎಂದಿತ್ತು. ಇಲ್ಲಿನ ಆಸ್ಪತ್ರೆಗಳಲ್ಲಿ ವೀಸಾ ಮೇಲೆ ದುಡಿಯುತ್ತಿದ್ದು, ಈದ್‌ಗೆ ಊರಿಗೆ ಹೋಗಿದ್ದ ಸುಡಾನಿ ಡಾಕ್ಟರುಗಳಿಗೆ ಜಾಗ ಸಿಗಲಿಲ್ಲ. ದೊಡ್ಡ ಕೂಗು ಎದ್ದ ಮೇಲೆ ತಿಂಗಳ ಕೊನೆಗೆ ಅವರನ್ನೂ ಸೇರಿಸಿಕೊಂಡಿತು. ಕೋವಿಡ್ ಕಾಲದಲ್ಲಿ ಇವರಿಗೇ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದ ದೇಶ ಇದು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಏಪ್ರಿಲ್ 25ರಂದು ಡಾ. ಬುಶ್ರಾ ಇಬ್ನ್ ಔಫ್ ಸುಲೈಮಾನ್ ಕೊಲೆಯಾದರು. ಅಮೆರಿಕದ ಅಯೋವಾ ಸಿಟಿಯಲ್ಲಿ ಹೊಟ್ಟೆ ಮತ್ತು ಕರುಳಿನ ತಜ್ಞರಾಗಿದ್ದು, ಖಾರ್ಟೂಮಿಗೂ ಬಂದು ಪಾಠ ಹೇಳುತ್ತ ರೋಗಿಗಳನ್ನು ನೋಡುತ್ತ ಇದ್ದವರು. ವಯಸ್ಸಾದ ತಂದೆಗೆ ಡಯಾಲಿಸಿಸ್ ಆಗಬೇಕಿತ್ತು, ಹಾಗಾಗಿ ಊರು ಬಿಡುವುದು ತಡವಾಯಿತು. ಮನೆಯೆದುರೇ ಇರಿದು ಕೊಂದರು. ನಮ್ಮ ವಿಭಾಗದ ಸುಡಾನಿಗಳಿಗೆ ಅವರ ನೇರ ಪರಿಚಯ ಇರಲಿಲ್ಲ, ಆದರೆ ಪರಿಚಯದವರ ಪರಿಚಯ ಎಲ್ಲರಿಗೂ ಇತ್ತು. ಅಲ್ಲಿಯವರೆಗೆ ತಮ್ಮ ತಮ್ಮ ಮನೆಯವರನ್ನು ಹುಡುಕುತ್ತಿದ್ದವರು ಅವತ್ತಿನಿಂದ ಆಸ್ಪತ್ರೆಗಳ ಕಡೆ ತಿರುಗಿದರು.

ಇಷ್ಟು ಬೇಗ ಹೇಗೆ ಒಟ್ಟಾದರು ಎಂದು ನನಗೆ ಆಶ್ಚರ್ಯವಾಗಿತ್ತು. ಆಮೇಲೆ ತಿಳಿಯಿತು. 2018ರ ಡಿಸೆಂಬರಿನಿಂದ ನಡೆದ, ಒಮರ್ ಅಲ್ ಬಶೀರರ ಮೂವತ್ತು ವರ್ಷದ ಆಳ್ವಿಕೆ ಕೊನೆಗಾಣಿಸಿದ ಜನಾಂದೋಲನದಲ್ಲಿ ಡಾಕ್ಟರುಗಳು ಮುಂಚೂಣಿಯಲ್ಲಿದ್ದರು. ಮುಷ್ಕರ ಹೂಡಿದರು, ಪೆಟ್ಟು ತಿಂದವರಿಗೆ ಗುಟ್ಟಾಗಿ ಚಿಕಿತ್ಸೆ ಕೊಟ್ಟರು, ಜೈಲಿಗೂ ಹೋದರು. ಹೊರದೇಶದಲ್ಲಿದ್ದವರು ಆಗಲೇ ಸಂಘ ಕಟ್ಟಿಕೊಂಡಿದ್ದರು. ಅಮೆರಿಕದಲ್ಲಿ ಸುಡಾನಿ ವೈದ್ಯರ ಸಂಘ ‘ಸಾಪಾ’ ಹುಟ್ಟಿದ್ದು 2019ರಲ್ಲಿ. ಬ್ರಿಟನ್ನಿನಲ್ಲೂ ಅವರ ಒಕ್ಕೂಟವಿದೆ. ಯಾವ ಊರಿನ ಯಾವ ಆಸ್ಪತ್ರೆಯಲ್ಲಿ ಯಾರಿದ್ದಾರೆ, ಸ್ಟೋರಿನ ಬೀಗ ಯಾರ ಕೈಲಿದೆ, ಯಾರ ಮಾತಿಗೆ ಲಾರಿ ಹೊರಡುತ್ತದೆ ಎಂಬ ವಿವರವೆಲ್ಲ ಅವರ ಫೋನುಗಳಲ್ಲಿತ್ತು. ಅಂತಾರಾಷ್ಟ್ರೀಯ ಸಂಸ್ಥೆಗಳು ಸಿಬ್ಬಂದಿಯನ್ನು ಹೊರಗೆ ಕರೆಸಿಕೊಂಡ ವಾರಗಳಲ್ಲಿ ಈ ಫೋನ್ ನಂಬರುಗಳೇ ಆಸರೆಯಾದವು.

ನಾನು ಸೇರಿದ್ದು ಮೇ ತಿಂಗಳಲ್ಲಿ. ರಾತ್ರಿ ಇಸಿಜಿ ನೋಡಿ ಹೇಳಬಲ್ಲ ನೆಫ್ರಾಲಜಿಸ್ಟ್ ಬೇಕು, ಬರುತ್ತೀಯಾ ಎಂದು ಸಹೋದ್ಯೋಗಿ ಕೇಳಿದ. ನಮ್ಮ ಆಸ್ಪತ್ರೆಯ ಮೇಲಿನವರಿಗೆ ತಿಳಿಸಿ, ವೃತ್ತಿ ವಿಮೆಯವರ ಹತ್ತಿರ ವಿಚಾರಿಸಿಕೊಂಡು ವಾಟ್ಸ್‌ಆ್ಯಪ್ ಗುಂಪು ಸೇರಿದೆ. ಸೇರಿದ ಕೂಡಲೇ ನಿಯಮಗಳು ಬಂದವು. ರೋಗಿಯ ಹೆಸರು ಬೇಡ, ಮುಖದ ಫೋಟೊ ಬೇಡ. ಆಸ್ಪತ್ರೆ ಇರುವ ಬಡಾವಣೆಯ ಹೆಸರು ಅಪ್ಪಿತಪ್ಪಿಯೂ ಬರೆಯಬಾರದು, ಎಲ್ಲಿ ಕೆಲಸ ನಡೆಯುತ್ತಿದೆ ಎಂದು ಗೊತ್ತಾದರೆ ಅಲ್ಲಿ ಶೆಲ್ ಬೀಳುತ್ತದೆ. ಯಾವ ಪ್ರಶ್ನೆಗೂ ಹೊರಗಿನ ಇಬ್ಬರಾದರೂ ಉತ್ತರಿಸಬೇಕು. ಕೊನೆಯ ಮಾತು ಯಾವಾಗಲೂ ರೋಗಿಯ ಪಕ್ಕದಲ್ಲಿರುವ ಡಾಕ್ಟರದ್ದು.

ಡಯಾಲಿಸಿಸ್ ಎಷ್ಟು ದುಬಾರಿ ಚಿಕಿತ್ಸೆ ಎಂಬುದು ಕರೆಂಟು, ನೀರು ಇರುವ ಊರಿನಲ್ಲಿ ಗೊತ್ತಾಗುವುದಿಲ್ಲ. ನಾಲ್ಕು ಗಂಟೆಯ ಒಂದು ಸರದಿಗೆ ಸುಮಾರು 120 ಲೀಟರ್ ಶುದ್ಧೀಕರಿಸಿದ ನೀರು ಬೇಕು. ಅಷ್ಟು ಶುದ್ಧ ನೀರು ಪಡೆಯಲು ಅದಕ್ಕಿಂತ ಹೆಚ್ಚು ನಲ್ಲಿ ನೀರು ಬೇಕು. ಆರ್‌ಒ ಘಟಕಕ್ಕೆ, ಮಷಿನಿಗೆ ಕರೆಂಟು, ಕರೆಂಟಿಲ್ಲದಿದ್ದರೆ ಡೀಸೆಲ್. ರಕ್ತ ಸೋಸುವ ಡಯಾಲೈಸರ್, ರಕ್ತದ ಟ್ಯೂಬು, ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್, ಬೈಕಾರ್ಬೊನೇಟ್. ಇಷ್ಟರಲ್ಲಿ ಒಂದು ಇಲ್ಲವೆಂದರೂ ಮಷಿನ್ ಸುಮ್ಮನೆ ನಿಲ್ಲುತ್ತದೆ. ಇಂಗ್ಲೆಂಡಿನಲ್ಲಿ ವಾರಕ್ಕೆ ಮೂರು ಸಲ, ನಾಲ್ಕು ಗಂಟೆ ಮಾಡುತ್ತೇವೆ. ಸುಡಾನಿನಲ್ಲಿ ಯುದ್ಧಕ್ಕೆ ಮೊದಲೇ ಬಹುತೇಕರಿಗೆ ವಾರಕ್ಕೆ ಎರಡು ಸಲ ನಡೆಯುತ್ತಿತ್ತು. ನಮ್ಮ ಕಡೆಯ ಎಷ್ಟೋ ತಾಲ್ಲೂಕು ಆಸ್ಪತ್ರೆಗಳಲ್ಲೂ ಎರಡೇ ಸಲ, ಅದು ನನಗೆ ಹೊಸದಾಗಿರಲಿಲ್ಲ. ಎರಡನ್ನು ಒಂದೂವರೆ ಮಾಡುವುದು ಹೇಗೆ, ನಾಲ್ಕು ಗಂಟೆಯನ್ನು ಎರಡಕ್ಕೆ ಇಳಿಸಿದರೆ ಯಾರು ಉಳಿಯುತ್ತಾರೆ, ಈ ಪ್ರಶ್ನೆಗಳು ಹೊಸವು.

ಒಂದು ಸಂಜೆಯ ವಿಷಯ ಹೇಳುತ್ತೇನೆ. ಗೆರೆ ಎಳೆದ ನೋಟ್‌ಬುಕ್ಕಿನ ಹಾಳೆಯ ಫೋಟೊ ಬಂತು. ಅರಬ್ಬಿಯಲ್ಲಿ ಬರೆದ ಪಟ್ಟಿ. ಸಾಲಿಗೊಬ್ಬ ರೋಗಿ. ಹೆಸರಿನ ಕಾಲಮ್ಮಿನ ಮೇಲೆ ಹೆಬ್ಬೆರಳು ಇಟ್ಟು ಮರೆಮಾಡಿ ಫೋಟೊ ತೆಗೆದಿದ್ದರು, ಉಗುರು ಕಾಣುತ್ತಿತ್ತು. ವಯಸ್ಸು, ಕೊನೆಯ ಡಯಾಲಿಸಿಸ್ ತಾರೀಖು, ಅಂದಿನ ತೂಕ, ಇವತ್ತಿನ ತೂಕ. ಸಹೋದ್ಯೋಗಿ ಒಂದೊಂದು ಸಾಲನ್ನೂ ಇಂಗ್ಲಿಷಿನಲ್ಲಿ ಓದಿ ಹೇಳಿದ. ಡೀಸೆಲ್ ಇದ್ದದ್ದು ಒಂದು ರಾತ್ರಿಗೆ, ಓಡುವ ಮಷಿನ್ ಎರಡು. ಲ್ಯಾಬ್ ಮುಚ್ಚಿ ವಾರಗಳಾಗಿದ್ದರಿಂದ ಪೊಟ್ಯಾಸಿಯಂ ಎಷ್ಟಿದೆ ಎಂದು ತಿಳಿಯುವ ದಾರಿ ಇಲ್ಲ. ಇದ್ದದ್ದು ಒಂದು ಹಳೆಯ ಇಸಿಜಿ ಮಷಿನ್. ಕಾಗದ ಉಳಿಸಲು ಪ್ರತಿಯೊಬ್ಬರದ್ದೂ ಒಂದೆರಡು ಲೀಡ್, ಅಂದರೆ ಇಸಿಜಿಯ ಒಂದೆರಡು ಗೆರೆ ಮಾತ್ರ ತೆಗೆದು, ಅಕ್ಕಪಕ್ಕ ಜೋಡಿಸಿ ಫೋಟೊ ಕಳಿಸಿದ್ದರು.

ಪೊಟ್ಯಾಸಿಯಂ ಏರಿದಾಗ ಇಸಿಜಿಯಲ್ಲಿ ಟಿ ಅಲೆ ಚೂಪಾಗಿ ಎದ್ದು ನಿಲ್ಲುತ್ತದೆ, ಇನ್ನೂ ಏರಿದರೆ ಪಿ ಅಲೆ ಮಾಯವಾಗುತ್ತದೆ, ಮಧ್ಯದ ಭಾಗ ಅಗಲವಾಗುತ್ತದೆ. ಅಗಲವಾದವರನ್ನು ಮೊದಲು ಹಾಕಿ, ಎರಡು ಗಂಟೆ ಸಾಕು, ಪೊಟ್ಯಾಸಿಯಂ ಹೆಚ್ಚಾಗಿ ಇಳಿಯುವುದು ಮೊದಲ ಗಂಟೆಗಳಲ್ಲೇ ಎಂದು ನಾನು ಬರೆದೆ. ಉಸಿರಾಟ ಕಷ್ಟವಾದವರಿಗೆ ನೀರು ತೆಗೆಯುವುದಷ್ಟೇ ಮುಖ್ಯ ಎಂದು ಐರ್ಲೆಂಡಿನಿಂದ ಇನ್ನೊಬ್ಬರು ಬರೆದರು. ಮೂತ್ರ ಇನ್ನೂ ಸ್ವಲ್ಪ ಬರುತ್ತಿದ್ದವರಿಗೆ ಮೂತ್ರ ಹೆಚ್ಚಿಸುವ ಔಷಧಿ ಫ್ರುಸಮೈಡ್ ಹೆಚ್ಚಿಸಿ, ಸೋಡಾ ಬೈಕಾರ್ಬ್ ಕೊಟ್ಟು, ಅವರ ಸರದಿ ಮುಂದೂಡಿದೆವು. ಹೀಗೆ ಮಾಡುತ್ತ ಪಟ್ಟಿಯ ಬಹುಪಾಲು ಇತ್ಯರ್ಥವಾಯಿತು. ಕೊನೆಗೆ ಒಂದೇ ಜಾಗಕ್ಕೆ ಇಬ್ಬರು ಉಳಿದರು, ಎಲ್ಲ ಲೆಕ್ಕದಲ್ಲೂ ಸರಿಸಮ. ಆ ಕಡೆಯ ಡಾಕ್ಟರು ತಾನು ಯಾರನ್ನು ಆರಿಸುತ್ತಿದ್ದೇನೆ, ಯಾಕೆ ಎಂದು ಬರೆದು, ಕೆಳಗೆ ಒಂದು ಸಾಲು ಸೇರಿಸಿದರು: “ಸರಿ ಎಂದು ಯಾರಾದರೂ ಒಬ್ಬರು ಬರೆಯಿರಿ.”

ನಾವೆಲ್ಲ ಬರೆದೆವು. ಒಬ್ಬೊಬ್ಬರೂ ಬರೆದೆವು.

ವಾರಗಟ್ಟಲೆ ಆಕೆ ಆ ಪಟ್ಟಿಯನ್ನು ಒಬ್ಬರೇ ಮಾಡಿದ್ದರು. ಮೂವತ್ತು ತುಂಬದ ವೈದ್ಯೆ. ಹಿರಿಯರು ಊರು ಬಿಟ್ಟ ಮೇಲೆ ಉಳಿದವರಲ್ಲಿ ಆಕೆಯೇ ಹಿರಿಯಳು. ಹೊರಗಿರುವ ವೈದ್ಯರು ದುಡ್ಡು ಕಳಿಸುತ್ತಾರೆ, ಔಷಧಿ ಕಳಿಸುತ್ತಾರೆ, ಅದೆಲ್ಲ ಬೇಕೇ ಬೇಕು. ಆದರೆ ಇಂಥ ನಿರ್ಧಾರದ ಭಾರ ಒಬ್ಬರ ತಲೆಯ ಮೇಲೆ ಉಳಿಯದಂತೆ ಹಂಚಿಕೊಳ್ಳುವುದು ಅವೆಲ್ಲಕ್ಕಿಂತ ದೊಡ್ಡ ಸಹಾಯ ಎಂದು ನನಗೆ ಅವತ್ತು ಮನದಟ್ಟಾಯಿತು. ನಾಳೆ ಆ ರೋಗಿಯ ಮಗ ಬಂದು ನನ್ನ ಅಪ್ಪನನ್ನು ಯಾಕೆ ಬಿಟ್ಟಿರಿ ಎಂದು ಕೇಳಿದರೆ, ಬಿಟ್ಟಿದ್ದು ಆಕೆ ಒಬ್ಬಳೇ ಅಲ್ಲ, ನಾನೂ ಬಿಟ್ಟಿದ್ದೇನೆ.

ಆಹಾರದ ವಿಷಯ ನಾವು ಯಾರೂ ಮೊದಲಿಗೆ ಯೋಚಿಸಿರಲಿಲ್ಲ, ಯೋಚನೆ ಹುಟ್ಟಿಸಿದ್ದು ಇಸಿಜಿಗಳೇ. ಬಡಾವಣೆಯ ಯುವಕರು ಸೇರಿ ‘ತುರ್ತು ಸ್ಪಂದನ ಕೊಠಡಿ’ಗಳನ್ನು ಕಟ್ಟಿಕೊಂಡು, ‘ತಕಾಯಾ’ ಎಂಬ ಸಾಮೂಹಿಕ ಅಡುಗೆಮನೆಗಳನ್ನು ನಡೆಸುತ್ತಿದ್ದರು. 2025ರಲ್ಲಿ ನಾರ್ವೆಯ ರಾಫ್ಟೊ ಪ್ರಶಸ್ತಿ ಬಂದದ್ದು ಇವರಿಗೇ. ಲಕ್ಷಾಂತರ ಜನರ ಹೊಟ್ಟೆ ತುಂಬಿಸಿದ್ದು ಅವರು. ಅಲ್ಲಿ ಸಿಗುತ್ತಿದ್ದದ್ದು ‘ಫೂಲ್’ ಎಂಬ ಬೇಯಿಸಿದ ಕಾಳು, ಬೇಳೆ, ಸಿಕ್ಕಾಗ ಖರ್ಜೂರ. ಹಸಿದವರಿಗೆ ಅಮೃತ. ಡಯಾಲಿಸಿಸ್ ತಪ್ಪಿದವರಿಗೆ ಮೂರರಲ್ಲೂ ಪೊಟ್ಯಾಸಿಯಂ ಹೇರಳ. ತಿನ್ನಬೇಡಿ ಎನ್ನಲು ಯಾರಿಗೆ ಬಾಯಿ ಬರುತ್ತದೆ? ಬೇರೆ ಊಟ ಇರಲಿಲ್ಲ.

ಇಲ್ಲಿ ನನ್ನ ಊರಿನ ಅನುಭವ ಕೈಹಿಡಿಯಿತು. ವಿಜಯಪುರದ ಕಡೆ ಡಯಾಲಿಸಿಸ್ ರೋಗಿಗಳಿಗೆ ಎಳನೀರು ಬಿಡಿಸುವುದು, ಬೇಳೆಯ ಕಟ್ಟು ಚೆಲ್ಲಿಸುವುದು ನಮ್ಮ ದಿನನಿತ್ಯದ ಮಾತು. ಕಾಳನ್ನು ರಾತ್ರಿಯಿಡೀ ನೆನೆಸಿ ನೀರು ಚೆಲ್ಲಬೇಕು. ಹೊಸ ನೀರಿನಲ್ಲಿ ಕುದಿಸಿ ಆ ನೀರನ್ನೂ ಚೆಲ್ಲಬೇಕು. ಮತ್ತೆ ಬೇರೆ ನೀರಿನಲ್ಲಿ ಬೇಯಿಸಬೇಕು. ಪೊಟ್ಯಾಸಿಯಂ ನೀರಿನ ಜೊತೆ ಸಾಕಷ್ಟು ಹೊರಟುಹೋಗುತ್ತದೆ. ಸುಡಾನಿನ ‘ಕಿಸ್ರಾ’ ಜೋಳದ ಹಿಟ್ಟಿನದು, ಹಿಟ್ಟು ಹುಳಿ ಬರಿಸಿ ಕಾಗದದಷ್ಟು ತೆಳ್ಳಗೆ ಹುಯ್ಯುತ್ತಾರೆ. ಜೋಳ ತಿಂದು ಬೆಳೆದ ನನಗೆ ಅದನ್ನು ಕೇಳಿ ಎಂಥದೋ ಸಮಾಧಾನವಾಯಿತು. ಕಿಸ್ರಾ ಜಾಸ್ತಿ, ಕಾಳು ಕಮ್ಮಿ, ಕಾಳಿನ ರಸ ಬೇಡವೇ ಬೇಡ ಎಂದು ಸಲಹೆ ತಯಾರಾಯಿತು. ಸಹೋದ್ಯೋಗಿಯ ಅತ್ತೆ ಅದನ್ನು ಸುಡಾನಿ ಅಡುಗೆಮನೆಯ ಅರಬ್ಬಿಯಲ್ಲಿ ಧ್ವನಿ ಸಂದೇಶ ಮಾಡಿ ಕೊಟ್ಟರು. ನಾವು ಬರೆದ ಪುಟಗಟ್ಟಲೆ ಸೂಚನೆಗಿಂತ ಆ ಧ್ವನಿ ಹೆಚ್ಚು ದೂರ ಹೋಯಿತು. ಕೆಲವು ಅಡುಗೆಮನೆಗಳಲ್ಲಿ ಕಿಡ್ನಿ ರೋಗಿಗಳಿಗೆಂದು ಎರಡು ಸಲ ನೀರು ಬಸಿದ ಪಾತ್ರೆ ಬೇರೆ ಇಟ್ಟರಂತೆ. ನೀರು ಹೊತ್ತು ತರುವ ಊರಿನಲ್ಲಿ ಎರಡು ಸಲ ನೀರು ಚೆಲ್ಲುವುದೆಂದರೆ ಸಣ್ಣ ಮಾತಲ್ಲ.

ದುಡ್ಡು ಹೋಗುತ್ತಿದ್ದದ್ದು ಖಾರ್ಟೂಮ್ ಬ್ಯಾಂಕಿನ ‘ಬಂಕಕ್’ ಆ್ಯಪ್ ಮೂಲಕ. ಅಲ್ಲಿ ಖಾತೆ ಇದ್ದವರಿಗೆ ಇಲ್ಲಿ ಪೌಂಡು ಕೊಟ್ಟರೆ, ಅವರು ಅಲ್ಲಿ ಡೀಸೆಲ್ ಅಂಗಡಿಯವನ ಖಾತೆಗೆ ಹಾಕುತ್ತಿದ್ದರು. ಇಲ್ಲಿಂದ ನೇರ ಕಳಿಸಿದರೆ ಸುಡಾನ್ ಎಂಬ ಹೆಸರು ಕಂಡ ಕೂಡಲೇ ಬ್ಯಾಂಕು ತಡೆಹಿಡಿದು ಪ್ರಶ್ನೆ ಕೇಳುತ್ತದೆ, ಉತ್ತರ ಕೊಡುವಷ್ಟರಲ್ಲಿ ಡೀಸೆಲ್ ಮುಗಿದಿರುತ್ತದೆ. ಸಾಮಾನು ಕಳಿಸುವುದು ಇನ್ನೂ ಕಷ್ಟ. ಡಯಾಲೈಸರ್ ಸಾಮಾನ್ಯವಾಗಿ ಎಲ್ಲ ಮಷಿನಿಗೂ ಹೊಂದುತ್ತದೆ, ರಕ್ತದ ಟ್ಯೂಬು ಹೊಂದುವುದಿಲ್ಲ. ಒಂದು ಕಂಪನಿಯ ಟ್ಯೂಬು ಇನ್ನೊಂದರ ಪಂಪಿಗೆ ಕೂರುವುದಿಲ್ಲ. ಒಳ್ಳೆಯ ಮನಸ್ಸಿನಿಂದ ಯಾರೋ ಕೊಟ್ಟ ಪೆಟ್ಟಿಗೆಗಳು ಪೋರ್ಟ್ ಸುಡಾನಿನ ಬಿಸಿಲಿನಲ್ಲಿ ಉಪಯೋಗಕ್ಕೆ ಬಾರದೆ ಕೂತದ್ದಿದೆ. ಆಮೇಲಾಮೇಲೆ ಪ್ರತಿ ಕೇಂದ್ರದ ಮಷಿನಿನ ಹಿಂಭಾಗದ ಚೀಟಿಯ ಫೋಟೊ ತರಿಸಿಕೊಂಡೇ ಖರೀದಿ ಮಾಡತೊಡಗಿದೆವು.

2023ರ ಡಿಸೆಂಬರಿನಲ್ಲಿ ವದ್ ಮದನಿ ಆರ್‌ಎಸ್‌ಎಫ್ ಕೈಗೆ ಬಿತ್ತು. ಗೆಜಿರಾ ನೀರಾವರಿ ಬಯಲಿನ ದೊಡ್ಡ ಊರು, ಖಾರ್ಟೂಮಿನಿಂದ ಓಡಿ ಬಂದ ರೋಗಿಗಳಿಗೆ ಆಶ್ರಯ ಕೊಟ್ಟಿದ್ದ ಊರು, ಕಿಡ್ನಿ ರೋಗಕ್ಕೆಂದೇ ಆಸ್ಪತ್ರೆ ಇದ್ದ ಊರು. ಒಂದು ಸಲ ಮನೆ ಬಿಟ್ಟವರು ಮತ್ತೆ ಹೊರಡಬೇಕಾಯಿತು, ದೇಶದ ಪೂರ್ವದ ಗೆದಾರೆಫ್ ಕಡೆ, ಕಸ್ಸಲಾ ಕಡೆ. ಇದ್ದಕ್ಕಿದ್ದಂತೆ ಅಲ್ಲಿನ ಸಣ್ಣ ಕೇಂದ್ರಗಳ ಮುಂದೆ ಇಮ್ಮಡಿ ರೋಗಿಗಳು ನಿಂತರು. ಅವರ ಕೈಯಲ್ಲಿ ಯಾವ ದಾಖಲೆಯೂ ಇಲ್ಲ, ರಕ್ತದಿಂದ ಹರಡುವ ಹೆಪಟೈಟಿಸ್ ಬಿ, ಸಿ ಇದೆಯೋ ಇಲ್ಲವೋ ತಿಳಿಯದು. ಕಿಡ್ನಿ ಕಸಿ ಮಾಡಿಸಿಕೊಂಡವರ ಪಾಡು ಇನ್ನೂ ಕೆಟ್ಟದ್ದು, ಕಸಿ ಮಾಡಿದ ಕಿಡ್ನಿಯನ್ನು ದೇಹ ತಿರಸ್ಕರಿಸದಂತೆ ತಡೆಯುವ ಟ್ಯಾಕ್ರೊಲಿಮಸ್ ಮಾತ್ರೆ ಸಿಗದೆ ಹೋದರೆ ಬಂದ ಕಿಡ್ನಿಯೂ ಕೈಬಿಡುತ್ತದೆ. 2024ರ ಫೆಬ್ರವರಿಯಲ್ಲಿ ದೇಶದ ದೊಡ್ಡ ಭಾಗದಲ್ಲಿ ಫೋನ್ ಜಾಲವೇ ನಿಂತುಹೋಯಿತು. ನಮ್ಮ ಗುಂಪು ಮೌನವಾಯಿತು. ಉಪಗ್ರಹದ ಇಂಟರ್ನೆಟ್ ಸ್ಟಾರ್‌ಲಿಂಕ್ ಇಟ್ಟುಕೊಂಡವರ ಅಂಗಡಿಯಲ್ಲಿ ಗಂಟೆಗಿಷ್ಟು ಎಂದು ಕೊಟ್ಟು ಕೂತ ಡಾಕ್ಟರುಗಳಿಂದ ಒಂದೇ ಸಲಕ್ಕೆ ಹತ್ತಾರು ಇಸಿಜಿ ಬರುತ್ತಿದ್ದವು, ಕೆಲವು ಹಳೆಯ ತಾರೀಖಿನವು. ಹಳೆಯ ತಾರೀಖಿನವಕ್ಕೂ ಉತ್ತರ ಬರೆದೆವು.

ಸಹೋದ್ಯೋಗಿ ಆ ವರ್ಷದ ರಜೆಯನ್ನೆಲ್ಲ ಒಟ್ಟುಮಾಡಿ ಕಸ್ಸಲಾಕ್ಕೆ ಹೋದ. ಸೂಟ್‌ಕೇಸಿನ ತುಂಬ ಡಯಾಲಿಸಿಸ್ ಕ್ಯಾತಿಟರ್, ಅಂದರೆ ರಕ್ತನಾಳಕ್ಕೆ ಹಾಕುವ ಕೊಳವೆಗಳು. ನೀನೂ ಹೋಗುತ್ತೀಯಾ ಎಂದು ಮನೆಯವರು ಆತಂಕದಿಂದ ಕೇಳಿದರು. ನಾನು ಹೋಗಲಿಲ್ಲ. ಭಾಷೆ ಬಾರದ, ಊರು ತಿಳಿಯದ ನನಗೆ ಒಬ್ಬ ದುಭಾಷಿ, ಒಂದು ಹಾಸಿಗೆ, ಒಬ್ಬ ಕಾವಲುಗಾರ ಬೇಕಾಗುತ್ತಿತ್ತು. ಆತನಿಗೆ ಏನೂ ಬೇಕಿರಲಿಲ್ಲ. ಇಳಿದ ಮರುದಿನವೇ ನರ್ಸುಗಳ ಜೊತೆ ನಿಂತು ಕೆಲಸ ಮಾಡಿದ, ರೋಗಿಗಳ ಬೈಗುಳವನ್ನೂ ಅವರದೇ ಭಾಷೆಯಲ್ಲಿ ಕೇಳಿಸಿಕೊಂಡ. ನಾನು ಆತನ ಆನ್‌ಕಾಲ್ ಪಾಳಿಗಳನ್ನು ಇಲ್ಲಿ ಹೊತ್ತೆ. ನಮ್ಮಂಥವರು ಮಾಡಬಹುದಾದ ಅತ್ಯುತ್ತಮ ಕೆಲಸ ಅದೇ ಎಂದು ಈಗಲೂ ನಂಬಿದ್ದೇನೆ.

ಎಲ್ ಫಶೇರ್ ಬಗ್ಗೆ ಬರೆಯದೆ ಇರಲಾರೆ. 2023ರಲ್ಲಿ ಒಂದು ವಾರ ನಮ್ಮ ಪತ್ರಿಕೆಗಳ ಮುಖಪುಟದಲ್ಲಿದ್ದ ಊರು. ನಮ್ಮವರು ಪಾರಾಗಿ ಬಂದರು, ಊರಿನ ಹೆಸರು ಪತ್ರಿಕೆಗಳಿಂದ ಹೋಯಿತು. ಆ ಊರನ್ನು 2024ರ ಮೇ ತಿಂಗಳಿಂದ ಆರ್‌ಎಸ್‌ಎಫ್ ಮುತ್ತಿಗೆ ಹಾಕಿ ಕೂತಿತು. ಒಳಗಿದ್ದವರು ದನಕ್ಕೆ ಹಾಕುವ ಹಿಂಡಿ ತಿಂದು ಬದುಕಿದರು. 2025ರ ಜನವರಿಯಲ್ಲಿ ಅಲ್ಲಿನ ಸೌದಿ ಹೆರಿಗೆ ಆಸ್ಪತ್ರೆಯ ಮೇಲಿನ ದಾಳಿಗೆ ಸುಮಾರು 70 ಜನ ಸತ್ತರು. ಅಕ್ಟೋಬರ್ ಕೊನೆಯಲ್ಲಿ ಊರು ಬಿದ್ದಾಗ ಅದೇ ಆಸ್ಪತ್ರೆಯಲ್ಲಿ ರೋಗಿಗಳು ಮತ್ತು ಜೊತೆಗಿದ್ದವರು ಸೇರಿ 460ಕ್ಕೂ ಹೆಚ್ಚು ಜನರ ಹತ್ಯೆಯಾಯಿತು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಗುಂಪಿನಲ್ಲಿ ಆ ಊರಿನ ನಂಬರುಗಳಿದ್ದವು. ಒಂದೇ ಟಿಕ್ ಬಿದ್ದ ಸಂದೇಶಗಳು ಹಾಗೇ ಉಳಿದವು. ಅವರಲ್ಲಿ ಒಬ್ಬರು ವಾರಗಳ ನಂತರ ನಡೆದುಕೊಂಡೇ ದಾರ್‌ಫುರ್‌ನ ಇನ್ನೊಂದು ಊರು ತವೀಲಾ ಮುಟ್ಟಿ ಯಾರದೋ ಫೋನಿನಿಂದ ತಾನು ಬದುಕಿದ್ದೇನೆ ಎಂದು ತಿಳಿಸಿದರು. ಉಳಿದವರ ನಂಬರುಗಳನ್ನು ಗುಂಪಿನಿಂದ ಯಾರೂ ತೆಗೆದಿಲ್ಲ.

ಖಾರ್ಟೂಮ್ 2025ರ ಮಾರ್ಚಿನಲ್ಲಿ ಸೈನ್ಯದ ಕೈಗೆ ಮರಳಿದ ಮೇಲೆ ಅಲ್ಲಿನ ಕೇಂದ್ರಗಳನ್ನು ಮತ್ತೆ ತೆರೆಯುವ ಕೆಲಸ ನಡೆದಿದೆ. ಗೋಡೆಯೊಳಗಿನ ತಾಮ್ರದ ತಂತಿಯನ್ನೂ ಬಿಡದೆ ಕಿತ್ತುಕೊಂಡು ಹೋಗಿದ್ದಾರೆ. ಹೊಸ ನರ್ಸುಗಳಿಗೆ ನಾವು ವಿಡಿಯೊದಲ್ಲಿ ಪಾಠ ಮಾಡುತ್ತೇವೆ. ಸುಡಾನಿಗಳು ಅರಬ್ಬಿಯಲ್ಲಿ ಹೇಳುತ್ತಾರೆ, ನಾನು ಚಿತ್ರಗಳನ್ನು ಸಿದ್ಧಮಾಡಿ ಪ್ರಶ್ನೆಗಳಿಗೆ ಕೂರುತ್ತೇನೆ.

ಸದ್ಯ ನಮ್ಮ ತಲೆನೋವು ಕ್ಲೋರಿನ್. 2024ರಿಂದ ಸುಡಾನಿನಲ್ಲಿ ಕಾಲರಾ ಹಬ್ಬಿತು, ನೀರಿಗೆ ಕ್ಲೋರಿನ್ ಜಾಸ್ತಿ ಹಾಕಿದರು, ಹಾಕಲೇಬೇಕಿತ್ತು. ಕುಡಿಯುವವರನ್ನು ಕಾಪಾಡುವ ಆ ಕ್ಲೋರಿನ್ ಡಯಾಲಿಸಿಸ್ ನೀರಿಗೆ ನುಸುಳಿದರೆ ರೋಗಿಯ ಕೆಂಪು ರಕ್ತಕಣಗಳು ಒಡೆಯುತ್ತವೆ. ಡಯಾಲಿಸಿಸ್ ನೀರಿನಲ್ಲಿ ಒಟ್ಟು ಕ್ಲೋರಿನ್ ಲೀಟರಿಗೆ 0.1 ಮಿಲಿಗ್ರಾಂ ಮೀರಬಾರದು. ತಡೆಯುವುದು ಇದ್ದಿಲಿನ ಫಿಲ್ಟರ್, ಅದು ಎಷ್ಟು ಹಳೆಯದೆಂದು ಅಲ್ಲಿ ಯಾರಿಗೂ ಗೊತ್ತಿಲ್ಲ. ಹಾಗಾಗಿ ಪ್ರತಿ ಸರದಿಗೆ ಮುಂಚೆ ಫಿಲ್ಟರಿನ ಆಚೆಯ ನೀರು ಹಿಡಿದು ಪರೀಕ್ಷಾ ಪಟ್ಟಿ ಅದ್ದಿ, ಬಣ್ಣ ನೋಡಿ, ಗುಂಪಿಗೆ ಫೋಟೊ ಹಾಕಬೇಕು ಎಂದು ಗೊತ್ತುಮಾಡಿಕೊಂಡಿದ್ದೇವೆ. ಬೆಳಗಿನ ಫೋಟೊಗಳನ್ನು ನೋಡಿ ಸರಿ ಎಂದು ಬರೆಯುವ ಪಾಳಿ ಈ ತಿಂಗಳು ನನ್ನದು. ಪಟ್ಟಿಗಳ ದಾಸ್ತಾನು ಕಡಿಮೆಯಾಗಿದೆ, ಪೋರ್ಟ್ ಸುಡಾನಿಗೆ ಹೊರಟವರೊಬ್ಬರ ಕೈಯಲ್ಲಿ ಈ ವಾರ ಇನ್ನಷ್ಟು ಕಳಿಸುತ್ತಿದ್ದೇವೆ.